ಲೈನಿನ ಕೊನೆಯ ಮನೆಗೆ ಸರಿಯಾದ ವೋಲ್ಟೇಜ್

ತರೀಕೆರೆ ಸೀಮೆಯ ತೋಟದ ಮನೆಗಳಲ್ಲಿ ದೀಪ ಮಂಕಾಗುವುದಕ್ಕೂ ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಪದೇ ಪದೇ ಸುಡುವುದಕ್ಕೂ ಕಾರಣ ಬಹುಮಟ್ಟಿಗೆ ಒಂದೇ ಆಗಿದ್ದು, ಅದು ಉತ್ಪಾದನೆಯ ಕೊರತೆಗಿಂತ ವಿತರಣೆಯ ದೋಷವಾಗಿರುತ್ತದೆ. ಇದೇ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಯ ನೀರಿನಿಂದ ವಿದ್ಯುತ್ ತಯಾರಾದರೂ ಅದು ರಾಜ್ಯದ ಜಾಲಕ್ಕೆ ಸೇರುವುದರಿಂದ ನೆರೆಹೊರೆಯವರಿಗೆ ವಿಶೇಷ ಲಾಭವೇನೂ ಇಲ್ಲ.

11 ಕಿಲೊವೋಲ್ಟ್ ಮಾರ್ಗದ ವಿದ್ಯುತ್ತನ್ನು ಮನೆ ಮತ್ತು ಪಂಪ್‌ಸೆಟ್‌ಗಳಿಗೆ ಒಗ್ಗುವ ಮಟ್ಟಕ್ಕೆ ಇಳಿಸುವುದು ಟ್ರಾನ್ಸ್‌ಫಾರ್ಮರ್, ಅಂದರೆ ಜನರ ಮಾತಿನ ಟಿಸಿ. ಅಲ್ಲಿಂದ ಹೊರಡುವ ಎಲ್‌ಟಿ, ಅಂದರೆ ಕಡಿಮೆ ವೋಲ್ಟೇಜಿನ, ತಂತಿ ಉದ್ದವಾದಷ್ಟೂ ಅದರ ಮೇಲಿನ ಹೊರೆ ಹೆಚ್ಚಿದಷ್ಟೂ ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಅಷ್ಟೇ ನೀರೆತ್ತಲು ಮೋಟಾರು ಹೆಚ್ಚು ಕರೆಂಟ್ ಎಳೆದು ತಾನೂ ಕಾದು ಟಿಸಿಯನ್ನೂ ಕಾಯಿಸುತ್ತದೆ. ತ್ರೀಫೇಸ್ ಬಂದ ಕ್ಷಣವೇ ಎಲ್ಲ ತೋಟಗಳ ಆಟೋ ಸ್ಟಾರ್ಟರ್‌ಗಳು ಒಟ್ಟಿಗೆ ಮೋಟಾರು ಚಾಲೂ ಮಾಡುವುದಂತೂ ಶುದ್ಧ ಅವಿವೇಕ; ಪ್ರಾರಂಭದ ಕರೆಂಟ್ ಸಾಮಾನ್ಯ ಕರೆಂಟಿನ ಹಲವು ಪಟ್ಟು ಇರುವುದರಿಂದ, ಸರದಿಯ ಮೇಲೆ ಚಾಲೂ ಮಾಡುವ ಒಪ್ಪಂದವೊಂದೇ ಎಷ್ಟೋ ಟಿಸಿಗಳನ್ನು ಉಳಿಸೀತು.

ದೊಡ್ಡ ಟಿಸಿಯೊಂದನ್ನೇ ಕೇಳುವುದು ಅರ್ಧ ಪರಿಹಾರ. ಹೊರೆ ಹೆಚ್ಚಿರುವೆಡೆಗೆ 11 ಕಿಲೊವೋಲ್ಟ್ ಮಾರ್ಗವನ್ನು ಒಯ್ದು ಹೆಚ್ಚುವರಿ ಟಿಸಿ ಕೂರಿಸಿ ಎಲ್‌ಟಿ ತಂತಿಯನ್ನು ಮೊಟಕುಗೊಳಿಸುವುದು, ಹಾಗೂ ನಿರಂತರ ಜ್ಯೋತಿ ಯೋಜನೆಯ ಮಾದರಿಯಲ್ಲಿ ಮನೆ ಮತ್ತು ಪಂಪ್‌ಸೆಟ್‌ಗಳ ಫೀಡರ್‌ಗಳನ್ನು, ಅಂದರೆ ಉಪಕೇಂದ್ರದಿಂದ ಹೊರಡುವ ಮಾರ್ಗಗಳನ್ನು, ಬೇರ್ಪಡಿಸುವುದು ಬಾಳಿಕೆಯ ಕ್ರಮಗಳು.

ಮನೆಗೆ ದೊರೆಯಬೇಕಾದ 230 ವೋಲ್ಟ್‌ನಲ್ಲಿ ಶೇ 6ರಷ್ಟು ಏರಿಳಿತಕ್ಕೆ ಮಾತ್ರ ಅವಕಾಶವಿರುವುದರಿಂದ, ದಿನಾಂಕ ಮತ್ತು ವೇಳೆಯ ಸಹಿತ ಅಳತೆ ಬರೆದಿಟ್ಟು, ಗ್ರಾಮಸ್ಥರೆಲ್ಲರ ಸಹಿಯೊಡನೆ ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಂನ ಉಪವಿಭಾಗ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಟಿಸಿ ಸುಟ್ಟರೆ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕು.