ಹಳೆಯ ಕಾರು, ಹೊಸ ಎಂಜಿನ್

1983ರಿಂದ 1987ರವರೆಗೆ ಜಪಾನಿನಲ್ಲಿ ನಿರ್ಮಿತವಾದ, ಹಿಂಚಕ್ರಗಳ ಬಲದಿಂದ ಓಡುವ ಟೊಯೋಟಾ ಎಇ86 ಕಾರಿನಲ್ಲಿ ಮಮತೆಯಿಟ್ಟು, ಅದರ ಸವೆದ ಎಂಜಿನ್ನಿನ ಸ್ಥಾನದಲ್ಲಿ 1991ರ ತರುವಾಯದ ಮುಂಚಕ್ರ ಚಾಲನೆಯ ಕಾರುಗಳ ಇಪ್ಪತ್ತು ವಾಲ್ವಿನ 4ಎ-ಜಿಇ ಎಂಜಿನ್ನನ್ನು ಕೂರಿಸಬಯಸುವ ಮಿತ್ರರಿಗೆ ನನ್ನದೊಂದು ಕಿವಿಮಾತುಂಟು.

ಎರಡೂ ಒಂದೇ ವಂಶದ 1.6 ಲೀಟರಿನ ಎಂಜಿನ್ನುಗಳಾದುದರಿಂದ ಹಳೆಯ ಟಿ50 ಗೇರ್‌ಬಾಕ್ಸು ಹೊಸತಕ್ಕೂ ಹೊಂದುವುದು ನಿಜವೇ. ಆದರೆ ಅಷ್ಟರಿಂದಲೇ ಕಾರ್ಯವು ಸುಗಮವೆಂದು ಭಾವಿಸಲಾಗದು. ಅಡ್ಡಲಾಗಿ ಕೂರುವುದಕ್ಕೆಂದೇ ರೂಪುಗೊಂಡ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಇಳಿಸಿದೊಡನೆ, ಹೆಡ್ಡಿನ ಹಿಂತುದಿಯ ಡಿಸ್ಟ್ರಿಬ್ಯೂಟರು ಎಂಜಿನ್ ಕೋಣೆಯ ಹಿಂಗೋಡೆಗೆ ತಾಗುವುದು. ಅದೇ ತುದಿಯಿಂದ ಹೊರಡುವ ಬಿಸಿನೀರಿನ ಕೊಳವೆಗೂ ಅಲ್ಲಿ ಎಡೆಯಿರದು. ಆದಕಾರಣ ಒಂದೋ ಆ ಗೋಡೆಯ ತಗಡನ್ನು ಕತ್ತರಿಸಿ ಗೂಡು ಮಾಡಬೇಕು, ಇಲ್ಲವೇ ಡಿಸ್ಟ್ರಿಬ್ಯೂಟರನ್ನೇ ತ್ಯಜಿಸಿ ಪ್ರತ್ಯೇಕ ಕಾಯಿಲುಗಳನ್ನೂ ಅವನ್ನು ಆಳಬಲ್ಲ ಇಸಿಯುವನ್ನೂ ಅಳವಡಿಸಬೇಕು. ನೀರಿನ ಮಾರ್ಗವನ್ನು ಮುಂದಿನ ರೇಡಿಯೇಟರಿನತ್ತ ತಿರುಗಿಸಬೇಕು.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಹಿಂಚಕ್ರ ಚಾಲನೆಯ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂತಿಯು ಕ್ರ್ಯಾಂಕಿನ ತುದಿಯಲ್ಲಿರುವ ಪೈಲಟ್ ಬೇರಿಂಗನ್ನು ಆಶ್ರಯಿಸುತ್ತದೆ. ಮುಂಚಕ್ರದ ಕಾರಿನಿಂದ ಬಂದ ಎಂಜಿನ್ನಿನಲ್ಲಿ ಅದು ಇದೆಯೇ ಎಂಬುದನ್ನು, ಗೇರ್‌ಬಾಕ್ಸನ್ನು ಕೂಡಿಸುವ ಮೊದಲೇ, ಬೆರಳಿಟ್ಟು ನೋಡಿಕೊಳ್ಳಿರಿ. ಎಂಜಿನ್ನನ್ನು ಕೊಳ್ಳುವಾಗ ಅದರ ಇಸಿಯುವನ್ನೂ ವೈರಿಂಗನ್ನೂ ಕತ್ತರಿಸದೆ ಸಮಗ್ರವಾಗಿ ಪಡೆಯಿರಿ.

ಕಡೆಯದಾಗಿ, ಶಕ್ತಿಯು ವರ್ಧಿಸುವುದಕ್ಕೆ ಮುನ್ನ ಬ್ರೇಕುಗಳನ್ನು ದೃಢಗೊಳಿಸಿರಿ; ನಿಮ್ಮ ನಾಡಿನ ವಾಹನ ಶಾಸನವು ವಿಧಿಸುವ ಅನುಮತಿಯನ್ನು ಪಡೆದ ಬಳಿಕವೇ ಸ್ಪ್ಯಾನರಿಗೆ ಕೈಹಾಕಿರಿ.