ಮುಷ್ಟಿಯುದ್ಧದ ಸಂಘಟಕ ಟೆಕ್ಸ್ ರಿಕಾರ್ಡ್

ಅಖಾಡದಲ್ಲಿ ಸೆಣಸಿ ಗೆದ್ದವನ ಹೆಸರು ಜನರ ನಾಲಗೆಯ ಮೇಲೆ ನಲಿಯುತ್ತದೆ. ಅಖಾಡವನ್ನು ಕಟ್ಟಿದವನ ಹೆಸರು ಬೇಗನೆ ಮರೆಯಾಗುತ್ತದೆ. ಅಮೆರಿಕದ ಟೆಕ್ಸ್ ರಿಕಾರ್ಡನು ಅಂಥ ಅಖಾಡಗಳನ್ನು ಕಟ್ಟಿದವನು.

ಜಾರ್ಜ್ ಲೂಯಿಸ್ ರಿಕಾರ್ಡನು 1870ರಲ್ಲಿ ಮಿಸೌರಿ ರಾಜ್ಯದ ಕನ್ಸಾಸ್ ನಗರದಲ್ಲಿ ಜನಿಸಿದನು. ಬೆಳೆದುದು ಟೆಕ್ಸಾಸಿನಲ್ಲಿ, 'ಟೆಕ್ಸ್' ಎಂಬ ಅಡ್ಡಹೆಸರು ಬಂದುದು ಅದರಿಂದಲೇ. ಎಳೆತನದಲ್ಲಿ ದನ ಕಾಯ್ದನು. ತಾರುಣ್ಯದಲ್ಲಿ ಒಂದು ಸಣ್ಣ ಊರಿನ ಕಾವಲು ಅಧಿಕಾರಿಯಾದನು. 1895ರಲ್ಲಿ ಚಿನ್ನವನ್ನರಸಿ ಅಲಾಸ್ಕಕ್ಕೆ ಹೋದನು. ಅಲ್ಲಿ ಗಳಿಸಿದ ಹಣವನ್ನು ಜೂಜು ನುಂಗಿತು. ಆದರೂ ಅವನು ಎದೆಗುಂದಲಿಲ್ಲ.

1906ರಲ್ಲಿ ನೆವಾಡದ ಗೋಲ್ಡ್‌ಫೀಲ್ಡ್ ಎಂಬ ಗಣಿಯೂರಿಗೆ ಹೆಸರು ತರಲೆಂದು ಜೋ ಗ್ಯಾನ್ಸ್ ಮತ್ತು ಬ್ಯಾಟ್ಲಿಂಗ್ ನೆಲ್ಸನ್ ಇವರ ಮುಷ್ಟಿಯುದ್ಧವನ್ನು ಏರ್ಪಡಿಸಿದನು. ಬಹುಮಾನದ 30,000 ಡಾಲರುಗಳನ್ನು ಚಿನ್ನದ ನಾಣ್ಯಗಳಾಗಿ ಗಾಜಿನ ಕಿಟಕಿಯಲ್ಲಿ ರಾಶಿ ಹಾಕಿಸಿದನು. ಸುದ್ದಿ ದೇಶದಲ್ಲೆಲ್ಲ ಹಬ್ಬಿತು. 42 ಸುತ್ತುಗಳ ಬಳಿಕ ಗ್ಯಾನ್ಸ್ ಗೆದ್ದನು. ಕುತೂಹಲವೂ ಮಾರಾಟದ ಸರಕೆಂಬುದನ್ನು ರಿಕಾರ್ಡನು ಕಂಡುಕೊಂಡನು.

ಈ ಜಾಣತನಕ್ಕೆ ಇನ್ನೊಂದು ಮುಖವೂ ಇತ್ತು. 1910ರ ಜುಲೈ 4ರಂದು ರೀನೋ ಪಟ್ಟಣದಲ್ಲಿ ಕಪ್ಪು ಜನಾಂಗದ ಮೊದಲ ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್ನನಿಗೂ ಬಿಳಿಯ ಜನಾಂಗದ ಜೆಫ್ರಿಸ್‌ಗೂ ಪಂದ್ಯ ನಡೆಯಿತು. ರಿಕಾರ್ಡನೇ ತೀರ್ಪುಗಾರನಾದನು. ವರ್ಣದ್ವೇಷವೇ ಜನರ ಆಸಕ್ತಿಯನ್ನು ಕೆರಳಿಸಿತ್ತು. ಜಾನ್ಸನ್ 15ನೆಯ ಸುತ್ತಿನಲ್ಲಿ ಗೆದ್ದೊಡನೆ ಅನೇಕ ನಗರಗಳಲ್ಲಿ ಗಲಭೆಗಳೆದ್ದವು. ಹಲವರು ಪ್ರಾಣ ತೆತ್ತರು. ಮುಂದೆ ಹ್ಯಾರಿ ವಿಲ್ಸ್ ಎಂಬ ಕಪ್ಪು ಜನಾಂಗದ ಸಮರ್ಥ ಸ್ಪರ್ಧಿಯು ಚಾಂಪಿಯನ್ ಜ್ಯಾಕ್ ಡೆಂಪ್ಸಿಯೊಡನೆ ಸೆಣಸಲು ವರ್ಷಗಟ್ಟಲೆ ಕಾದನು. ರಿಕಾರ್ಡನು ಆ ಪಂದ್ಯವನ್ನು ನಡೆಸಲೇ ಇಲ್ಲ.

1921ರಲ್ಲಿ ಜರ್ಸಿ ನಗರದಲ್ಲಿ ಅವನು ಕಟ್ಟಿಸಿದ ಮರದ ಬಯಲು ಅಖಾಡದಲ್ಲಿ ಡೆಂಪ್ಸಿಯು ಫ್ರಾನ್ಸಿನ ಕಾರ್ಪೆಂಟಿಯೇನನ್ನು ಸೋಲಿಸಿದನು. ಪ್ರವೇಶಶುಲ್ಕವೇ 17 ಲಕ್ಷ ಡಾಲರುಗಳನ್ನು ಮೀರಿತು. 10 ಲಕ್ಷವನ್ನು ದಾಟಿದ ಮೊದಲ ಮುಷ್ಟಿಯುದ್ಧವಿದು. 1925ರಲ್ಲಿ ನ್ಯೂಯಾರ್ಕಿನಲ್ಲಿ ಹೊಸ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಭವನವನ್ನು ಕಟ್ಟಿಸಿದನು. 1927ರಲ್ಲಿ ಷಿಕಾಗೋದಲ್ಲಿ ಡೆಂಪ್ಸಿ ಮತ್ತು ಟನ್ನಿ ಮರಳಿ ಎದುರಾದಾಗ ಸಂಗ್ರಹವಾದ ಹಣ 26 ಲಕ್ಷ ಡಾಲರುಗಳಿಗೂ ಮಿಗಿಲು.

1929ರ ಜನವರಿ 6ರಂದು, ಶಸ್ತ್ರಚಿಕಿತ್ಸೆಯ ಬಳಿಕ, ಅವನು ಮಿಯಾಮಿ ಬೀಚಿನಲ್ಲಿ ನಿಧನ ಹೊಂದಿದನು. ಪಾರ್ಥಿವ ಶರೀರವನ್ನು ಅವನೇ ಕಟ್ಟಿಸಿದ ಭವನದಲ್ಲಿ ಇರಿಸಿದಾಗ ಸಾವಿರಾರು ಜನ ಅಂತಿಮದರ್ಶನ ಪಡೆದರು.

ಜನರನ್ನು ನೆರೆಯಿಸುವುದು ದೊಡ್ಡ ಶಕ್ತಿ. ಆದರೆ ಯಾವ ಭಾವನೆಯನ್ನು ಕೆರಳಿಸಿ ನೆರೆಯಿಸಿದನು, ಯಾರಿಗೆ ಬಾಗಿಲು ಮುಚ್ಚಿದನು ಎಂಬುದನ್ನೂ ಚರಿತ್ರೆ ಕೇಳುತ್ತದೆ. ರಿಕಾರ್ಡನ ಬಾಳು ಸಾಹಸಕ್ಕೆ ಮಾದರಿ, ನ್ಯಾಯಕ್ಕೆ ಎಚ್ಚರಿಕೆ.