ಸಮವಸರಣದ ಭಾವನೆಯೂ ಪ್ರೋಷಧೋಪವಾಸವೂ

ವ್ರತವೆಂದರೆ ಕೇವಲ ತ್ಯಾಗವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಹಿಂಸೆ, ಅನೃತ, ಸ್ತೇಯ, ಅಬ್ರಹ್ಮ, ಪರಿಗ್ರಹಗಳಿಂದ ವಿರತನಾಗುವುದೇ ವ್ರತವೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದ ಆರಂಭದಲ್ಲಿ ನಿರೂಪಿಸಿರುವುದು ನಿಜ. ಆದರೆ ಆ ಅಧ್ಯಾಯವು ಅಲ್ಲಿಗೇ ನಿಲ್ಲುವುದಿಲ್ಲ. ವ್ರತಗಳ ಸ್ಥಿರತೆಗಾಗಿ ಒಂದೊಂದಕ್ಕೆ ಐದರಂತೆ 25 ಭಾವನೆಗಳನ್ನು ಹೇಳುತ್ತದೆ. ಬಿಡುವ ಕ್ರಿಯೆಗೆ ಬೆಂಬಲವಾಗಿ ಮನಸ್ಸು ಏನನ್ನಾದರೂ ಹಿಡಿದಿರಬೇಕು. ಇಲ್ಲವಾದರೆ ಬಿಟ್ಟದ್ದೇ ಮತ್ತೆ ಮತ್ತೆ ನೆನಪಿಗೆ ಬರುತ್ತದೆ. ಹಾಗಾದರೆ ವ್ರತಿಯು ಮನಸ್ಸಿನಲ್ಲಿ ಯಾವ ಲೋಕವನ್ನು ನಿಲ್ಲಿಸಿಕೊಳ್ಳಬೇಕು?

ಸಮವಸರಣದ ಚಿತ್ರ

ಜೈನ ಪುರಾಣಗಳು ಇದಕ್ಕೆ ಉತ್ತರವಾಗಿ ಸಮವಸರಣವನ್ನು ವರ್ಣಿಸುತ್ತವೆ. ತೀರ್ಥಂಕರರಿಗೆ ಕೇವಲಜ್ಞಾನವಾದಾಗ ಇಂದ್ರನ ಆಜ್ಞೆಯಂತೆ ಕುಬೇರನು ರಚಿಸುವ ಧರ್ಮಸಭೆಯಿದು. ಭಗವಂತನ ಸುತ್ತಲೂ 12 ಕೋಷ್ಠಗಳು. ಮೊದಲನೆಯದರಲ್ಲಿ ಮುನಿಗಳು, ಹನ್ನೆರಡನೆಯದರಲ್ಲಿ ತಿರ್ಯಂಚರು. ಅಲ್ಲಿ ಸಿಂಹವೂ ಹಸುವೂ, ಹಾವೂ ಮುಂಗುಸಿಯೂ ಜನ್ಮವೈರವನ್ನು ಮರೆತು ಕೂಡಿರುತ್ತವೆ. ದಿವ್ಯಧ್ವನಿಯನ್ನು ಪ್ರತಿಯೊಂದು ಜೀವಿಯೂ ತನ್ನ ತನ್ನ ಭಾಷೆಯಲ್ಲಿ ಅರಿಯುತ್ತದೆ.

ಆ ಸಭೆಯ ಹೊರವಲಯದಲ್ಲಿ ನಾಲ್ಕು ದಿಕ್ಕುಗಳಲ್ಲಿ ಮಾನಸ್ತಂಭಗಳಿವೆ. ವಾದಕ್ಕೆಂದು ಬಂದ ಇಂದ್ರಭೂತಿ ಗೌತಮನ ಗರ್ವವು ಮಾನಸ್ತಂಭದ ದರ್ಶನಮಾತ್ರದಿಂದ ಕರಗಿತೆಂದೂ, ಆತನೇ ಮಹಾವೀರ ಸ್ವಾಮಿಯ ಪ್ರಥಮ ಗಣಧರನಾದನೆಂದೂ ಪರಂಪರೆ ಹೇಳುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಮುಂದೆಯೂ, ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಮುಂದೆಯೂ ನಿಂತಿರುವ ಮಾನಸ್ತಂಭಗಳು ಈ ಸಭೆಯನ್ನೇ ನೆನಪಿಸುತ್ತವೆ. ವೈರವಿಲ್ಲದ ಲೋಕವನ್ನು ಪ್ರವೇಶಿಸುವವನು ಮೊದಲು ಮಾನಕಷಾಯವನ್ನು ಹೊರಗಿಡಬೇಕೆಂಬುದೇ ಅವುಗಳ ಬೋಧೆ.

ಭಾವನೆಯೋ, ನಿದಾನವೋ?

ಇಲ್ಲಿ ಎಚ್ಚರಿಕೆಯೊಂದು ಅಗತ್ಯ. ಒಳ್ಳೆಯ ಲೋಕವನ್ನು ನೆನೆಯುವುದೆಲ್ಲವೂ ಧರ್ಮಭಾವನೆಯಲ್ಲ. ಈ ಉಪವಾಸದ ಫಲವಾಗಿ ತನಗೆ ಸ್ವರ್ಗದ ಭೋಗ, ಮುಂದಿನ ಭವದಲ್ಲಿ ಐಶ್ವರ್ಯ ದೊರೆಯಲೆಂದು ಬಯಸುವುದು ನಿದಾನ. ಮಾಯೆ, ಮಿಥ್ಯಾತ್ವ, ನಿದಾನ ಈ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ಸೂತ್ರವು ಸ್ಪಷ್ಟಪಡಿಸಿದೆ. ಮುಳ್ಳು ಚುಚ್ಚಿದ ಕಾಲು ಹೇಗೆ ದಾರಿ ಸಾಗಿಸದೋ ಹಾಗೆ ನಿದಾನವುಳ್ಳ ವ್ರತವೂ ಮುಂದೆ ಸಾಗದು.

ಎರಡನ್ನೂ ಬೇರ್ಪಡಿಸಿ ತಿಳಿಯುವ ಬಗೆ ಸರಳವಾಗಿದೆ. ನಿದಾನದಲ್ಲಿ ಕಲ್ಪಿತ ಲೋಕದ ನಡುವೆ ‘ನಾನು’ ಕುಳಿತಿರುತ್ತದೆ. ಭಾವನೆಯಲ್ಲಿ ಉಳಿದ ಜೀವಿಗಳಿಗೆ ಸ್ಥಳ ದೊರೆಯುತ್ತದೆ: ಸರ್ವಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ಹಿತವಚನವನ್ನು ಕೇಳದವರಲ್ಲಿ ಮಾಧ್ಯಸ್ಥ್ಯ. ನಾಲ್ಕನೆಯದು ಅತ್ಯಂತ ಕಠಿಣ. ತನ್ನ ಮಾತಿಗೆ ಕಿವಿಗೊಡದವನನ್ನೂ ದ್ವೇಷಿಸದಿರುವಲ್ಲಿಯೇ ಭಾವನೆಯ ಪರೀಕ್ಷೆ ನಡೆಯುತ್ತದೆ.

ಒಂದು ದಿನದ ಬಾಳು

ನೆನೆದುದನ್ನು ಬಾಳುವುದಕ್ಕೆ ಗೃಹಸ್ಥನಿಗೆ ದೊರೆತಿರುವ ಅವಕಾಶವೇ ಶಿಕ್ಷಾವ್ರತ. ಎರಡು ಘಳಿಗೆ, ಅಂದರೆ 48 ನಿಮಿಷಗಳ ಸಾಮಾಯಿಕದಲ್ಲಿ ಶ್ರಾವಕನು ಸಮಭಾವದಲ್ಲಿ ನಿಲ್ಲುತ್ತಾನೆ. ಆ ವೇಳೆಯ ಗೃಹಸ್ಥನನ್ನು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಉಪಸರ್ಗದಿಂದ ಮೈಮೇಲೆ ವಸ್ತ್ರ ಬಿದ್ದಿರುವ ಮುನಿಗೆ ಹೋಲಿಸಿದ್ದಾರೆ.

ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸ ಇದರ ವಿಸ್ತಾರ. ಹಿಂದಿನ ದಿನವೂ ಮರುದಿನವೂ ಏಕಭುಕ್ತಿ. ಪರ್ವದಿನ ಖಾದ್ಯ, ಸ್ವಾದ್ಯ, ಲೇಹ್ಯ, ಪೇಯಗಳೆಂಬ ಚತುರ್ವಿಧ ಆಹಾರದ ತ್ಯಾಗ. ಅಂದು ಆರಂಭ, ಅಲಂಕಾರಗಳನ್ನೂ ಬಿಟ್ಟು ಸ್ವಾಧ್ಯಾಯ, ಧ್ಯಾನಗಳಲ್ಲಿ ಇರಬೇಕು. ಪೂರ್ಣ ಉಪವಾಸಕ್ಕೆ ದೇಹಶಕ್ತಿ ಸಾಲದವರು ಏಕಭುಕ್ತಿಯಿಂದ ತೊಡಗಬಹುದು. ಭಾವನೆಗೆ ಇದರಿಂದ ಕೊರತೆಯಿಲ್ಲ.

ನೋಡದೆ, ಗುಡಿಸದೆ ವಸ್ತುವನ್ನು ಎತ್ತುವುದು, ಇಡುವುದು, ಹಾಸಿಗೆ ಹಾಸುವುದು ಈ ವ್ರತದ ಅತಿಚಾರಗಳು. ಅನಾದರ, ವಿಸ್ಮರಣೆಗಳೂ ಅತಿಚಾರಗಳೇ. ಚಾಪೆಯ ಕೆಳಗಿನ ಇರುವೆಗೂ ಸ್ಥಾನವಿರುವ ಲೋಕವನ್ನು ವ್ರತಿಯು ಅಂದು ತನ್ನ ಮನೆಯಲ್ಲೇ ನಿರ್ಮಿಸುತ್ತಾನೆ. ಇರುವೆಯನ್ನು ಉಳಿಸಿ, ಪಾರಣೆ ತಡವಾಯಿತೆಂದು ಸೊಸೆಯ ಮೇಲೆ ಸಿಡುಕಿದರೆ ಆ ಲೋಕ ಅಲ್ಲಿಯೇ ಕುಸಿಯುತ್ತದೆ. ಹೊಟ್ಟೆ ಬರಿದಾಗಿದ್ದರೂ ಕಷಾಯ ತುಂಬಿದ್ದರೆ ಅದು ಲಂಘನವಷ್ಟೇ.

ಆಚೆಯ ದಾರಿ

ಸಮವಸರಣವೂ ಕೊನೆಯ ನೆಲೆಯಲ್ಲ. ಅಲ್ಲಿ ತೀರ್ಥಂಕರರು ಸಿಂಹಾಸನವನ್ನು ಮುಟ್ಟದೆ ನಾಲ್ಕು ಅಂಗುಲ ಮೇಲೆ ವಿರಾಜಿಸುತ್ತಾರೆ. ನಿರ್ವಾಣಕಾಲದಲ್ಲಿ ಆ ವೈಭವವೂ ಹಿಂದೆ ಉಳಿಯುತ್ತದೆ. ಹಾಗೆಯೇ ಶ್ರಾವಕನು ಶುಭಭಾವನೆಯನ್ನು ಮೆಟ್ಟಿಲಾಗಿ ಬಳಸಬೇಕು, ಮನೆಯಾಗಿ ಅಲ್ಲ. ಅಶುಭದಿಂದ ಶುಭಕ್ಕೆ, ಶುಭದಿಂದ ಶುದ್ಧೋಪಯೋಗಕ್ಕೆ ಏರುವುದೇ ಕ್ರಮ. ಮುಂದಿನ ಅಷ್ಟಮಿಯಂದು ಉಪವಾಸದ ಸಂಕಲ್ಪ ಮಾಡುವವರು, ಮಾತು ನಿಂತುಹೋದ ಒಬ್ಬ ಬಂಧುವನ್ನು ಮನಸ್ಸಿನ ಸಭೆಗೆ ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳಲಿ. ಪಾರಣೆಯಾದ ಮೇಲೆ ಅವರ ಮನೆಗೆ ನಡೆದುಹೋಗಲಿ.